ಕಿಸೆಯಲ್ಲಿ ಮೂರು ಫ್ಯೂಜು

ನಮ್ಮ ಬೀದಿಯ ತಿರುವಿನಲ್ಲಿ ತಳ್ಳುಗಾಡಿಯ ಮೇಲೆ ಇಸ್ತ್ರಿ ಮಾಡುವವರೊಬ್ಬರಿದ್ದಾರೆ. ಸಂಜೆ ಕೆಲಸ ಮುಗಿದ ಮೇಲೆ ಪೆಟ್ಟಿಗೆಯೊಳಗಿನ ಕೆಂಡವನ್ನು ನೆಲಕ್ಕೆ ಸುರಿದು, ಅದರ ಮೇಲೆ ಒಂದು ಚೊಂಬು ನೀರು ಹೊಯ್ಯುತ್ತಾರೆ. ಕಳೆದ ವಾರ ನಾನು ತರಕಾರಿ ಚೀಲ ಹಿಡಿದು ಅಲ್ಲಿ ಹಾಯುತ್ತಿರುವಾಗಲೇ ಅವರು ನೀರು ಸುರಿದರು. ಚುಂಯ್ ಎಂದು ಹಬೆ ಎದ್ದಿತು. ಹಬೆಯ ಹಿಂದೆಯೇ ಒದ್ದೆ ಇದ್ದಿಲಿನ ವಾಸನೆ ಬಂತು...

ಚೀಲ ಕೆಳಗಿಟ್ಟು ನಿಂತುಬಿಟ್ಟೆ. "ಯಾಕ್ರೀ ಮೇಡಂ, ಹುಷಾರಿಲ್ವಾ?" ಎಂದರು ಅವರು. ಏನಿಲ್ಲ ಎಂದೆ. ನಲವತ್ತು ವರ್ಷಗಳ ಹಿಂದೆ ಹಡಗಲಿಯ ಒಂದು ಮಲ್ಲಿಗೆ ತೋಟದಲ್ಲಿ, ಆಳೆತ್ತರದ ಗುಂಡಿಗೆ ಬುಟ್ಟಿಗಟ್ಟಲೆ ಇದ್ದಿಲು ಸುರಿದು ನೀರು ಹೊಯ್ದಾಗ ಎದ್ದದ್ದು ಇದೇ ವಾಸನೆ. ಆ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದವರ ನೆನಪು, ಅವರ ಕಿಸೆಯೊಳಗೆ ಕಟಕಟ ಎನ್ನುತ್ತಿದ್ದ ಮೂರು ಪಿಂಗಾಣಿ ಫ್ಯೂಜುಗಳ ಸದ್ದು, ಎಲ್ಲ ಒಟ್ಟಿಗೇ ಬಂದವು.

ಹೂವಿನಹಡಗಲಿಯಲ್ಲಿ ಎಲ್ಲರೂ ಅವರನ್ನು ವೈಂಡಿಂಗ್ ಅಣ್ಣ ಎನ್ನುತ್ತಿದ್ದರು. ಬಸ್ ಸ್ಟ್ಯಾಂಡಿನ ಹಿಂದೆ ಅವರದೊಂದು ತಗಡಿನ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ಟಿನ ಮೋಟರು ಬಿಚ್ಚಿ, ಒಳಗಿನ ತಾಮ್ರದ ತಂತಿ ಕಿತ್ತು, ಹೊಸ ತಂತಿ ಸುತ್ತಿ ಕೊಡುವುದು ಅವರ ಕಸುಬು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವರು. ಸಣಕಲು ದೇಹ, ಅಂಗಿಯ ತುಂಬ ವಾರ್ನಿಶ್ ಕಲೆ. ತಂತಿ ಸುತ್ತುವಾಗ ಸುತ್ತು ತಪ್ಪಬಾರದಲ್ಲ, ಅದಕ್ಕೆ ಬಾಯಲ್ಲಿ ಎಣಿಸುತ್ತಲೇ ಇರುತ್ತಿದ್ದರು. ಆಗ ಯಾರು ಏನು ಕೇಳಿದರೂ ಉತ್ತರ ಸಂಖ್ಯೆಯಲ್ಲೇ. "ಅಣ್ಣಾ, ಊಟ ಆತೇನ್ರಿ?" ಎಂದರೆ "ನಲವತ್ತೇಳು" ಎನ್ನುತ್ತಿದ್ದರು. ಊರಿನ ಹುಡುಗರು ಅವರ ಅಂಗಡಿಯ ಮುಂದೆ ಬೇಕೆಂದೇ ನಿಂತು "ಅಣ್ಣಾ, ನಿಮಗ ಮಕ್ಕಳೆಷ್ಟ್ರಿ?" ಎಂದು ಕೇಳಿ, "ತೊಂಬತ್ತೆರಡು" ಎಂಬ ಉತ್ತರ ಪಡೆದು ಓಡುತ್ತಿದ್ದರು.

ಅವರಿಗೆ ಇನ್ನೊಂದು ಅಭ್ಯಾಸವಿತ್ತು. ಯಾವ ತೋಟಕ್ಕೆ ಹೋದರೂ ಮೊದಲು ಬೋರ್ಡಿನ ಮೂರು ಫ್ಯೂಜು ಕಿತ್ತು ಕಿಸೆಗೆ ಹಾಕಿಕೊಳ್ಳುವುದು. ಆಮೇಲೆ ನೀರು ಕುಡಿಯುವುದು, ಮಾತಾಡುವುದು, ಕೆಲಸಕ್ಕೆ ಕೂರುವುದು. ಸ್ವಿಚ್ಚು ಆಫ್ ಮಾಡಿದರೆ ಸಾಲದೇ ಎಂದು ನಾನೊಮ್ಮೆ ಕೇಳಿದ್ದೆ. "ಸ್ವಿಚ್ಚು ಯಾರು ಬೇಕಾದ್ರೂ ಒತ್ತತಾರ ತಂಗೀ. ನನ್ನ ಕಿಸೆಗೆ ಯಾರು ಕೈ ಹಾಕ್ತಾರ?" ಎಂದಿದ್ದರು.

ತೋಟ ನಮ್ಮ ದೊಡ್ಡಪ್ಪನದು. ಊರಿಂದ ಒಂದು ಮೈಲಿ. ಮುಕ್ಕಾಲು ಪಾಲು ಮಲ್ಲಿಗೆ. ಬೆಳಗಿನ ಬಸ್ಸಿಗೆ ಹೂವಿನ ಬುಟ್ಟಿಗಳು ಹರಪನಹಳ್ಳಿಗೂ ಆಚೆಗೂ ಹೋಗುತ್ತಿದ್ದವು. ತೋಟದ ನಡುವೆ ಕಲ್ಲು ಕಟ್ಟಿದ ಚೌಕ ಬಾವಿ. ಒಂದು ಕಡೆ ಮೆಟ್ಟಿಲು. ಎದುರು ಗೋಡೆಯಲ್ಲಿ, ನೀರಿಗಿಂತ ಮೇಲೆ, ಚಾಚಿಕೊಂಡ ಕಲ್ಲು. ಆ ಕಲ್ಲಿನ ಮೇಲೆ ಮರದ ತೊಲೆಗಳನ್ನು ಹಾಸಿ ಮೋಟರು ಕೂರಿಸಿದ್ದರು. ಅಲ್ಲಿಂದ ಕಬ್ಬಿಣದ ಪೈಪು ನೀರಿಗೆ ಇಳಿದಿತ್ತು. ಬಾವಿಯ ದಂಡೆಗೇ ಅಂಟಿಕೊಂಡಂತೆ ಒಂದು ಸಣ್ಣ ಕೋಣೆ. ಅದರಲ್ಲಿ ಸ್ಟಾರ್ಟರು, ಮೇನ್ ಸ್ವಿಚ್ಚು, ಹಲಗೆಯ ಮೇಲೆ ಫ್ಯೂಜು, ಒಂದು ಬಲ್ಬು.

ದೊಡ್ಡಪ್ಪನಿಗೆ ಆ ಬಾವಿ ಬರೀ ನೀರಿನ ಬಾವಿಯಲ್ಲ. ಭಾರೀ ಮೈಯವರು, ಸೊಂಟನೋವು ಬೇರೆ. ದಿನಾ ಬೆಳಿಗ್ಗೆ ಅದರಲ್ಲಿ ಈಜಿದರೇ ಅವರಿಗೆ ಮೈ ಹಗುರ. ಬೆನ್ನ ಮೇಲೆ ತೇಲುತ್ತ, ಹೊಟ್ಟೆಯನ್ನು ಬೋರಲು ಹಾಕಿದ ಕೊಡದಂತೆ ಮೇಲೆ ಮಾಡಿಕೊಂಡು ಮೂರು ಸುತ್ತು ಹಾಕುತ್ತಿದ್ದರು. ಮೂರನೆಯ ಸುತ್ತು ಮುಗಿದ ಮೇಲೆ ಪೈಪು ಹಿಡಿದು ಜೋತುಬಿದ್ದು, "ಶಿವಾ... ಶಿವಾ..." ಎಂದು ಉಸಿರು ಬಿಡಬೇಕು. ಒಂದು ದಿನವೂ ತಪ್ಪದ ಕ್ರಮ. ದೊಡ್ಡಮ್ಮ, "ಆ ಪೈಪಿಗೊಂದು ತಾಳಿ ಕಟ್ಟಿಬಿಡ್ರಿ, ಅದನ್ನ ತಬ್ಬಿಕೊಂಡಷ್ಟು ನನ್ನ ಮಾತಾಡಿಸಿಲ್ಲ ನೀವು" ಎಂದು ರೇಗಿಸುತ್ತಿದ್ದರು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಬಳ್ಳಾರಿಯಲ್ಲಿ ಬಿ.ಎಸ್ಸಿ. ಪರೀಕ್ಷೆ ಬರೆದು ಬೇಸಿಗೆಗೆ ದೊಡ್ಡಪ್ಪನ ಮನೆಗೆ ಬಂದಿದ್ದೆ. ಮನೆತನದಲ್ಲಿ ಅಷ್ಟು ಓದಿದ ಮೊದಲ ಹುಡುಗಿ ನಾನು. ಆ ಹಮ್ಮು ಇತ್ತು. ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಈಗಿನವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಬಲ್ಬು ಉರಿಯಲು ಎರಡು ತಂತಿ ಬೇಕು: ಕರೆಂಟು ತರುವುದೊಂದು, ಮರಳಿ ಒಯ್ಯುವುದೊಂದು. ನಮ್ಮ ಕಡೆ ತೋಟದ ಮೋಟರುಗಳಿಗೆ ಬರುತ್ತಿದ್ದದ್ದು ಮೂರು ತಂತಿ, ಮೂರೂ ತರುವಂಥವೇ. ಮರಳಿ ಒಯ್ಯುವ ತಂತಿ ಇರುತ್ತಿರಲಿಲ್ಲ. ಹಾಗಾಗಿ ಜನ ನೆಲಕ್ಕೆ ಒಂದು ಕಬ್ಬಿಣದ ಗೂಟ ಬಡಿದು, ಬಲ್ಬಿನ ಎರಡನೆಯ ತಂತಿಯನ್ನು ಅದಕ್ಕೆ ಕಟ್ಟುತ್ತಿದ್ದರು. ನೆಲವೇ ಕರೆಂಟನ್ನು ಒಯ್ಯುತ್ತಿತ್ತು. ಇದಕ್ಕೆ ಎಲ್ಲರೂ ಹೇಳುತ್ತಿದ್ದದ್ದು ಅರ್ತ್ ಎಂದು. ಬೇಸಿಗೆಯಲ್ಲಿ ನೆಲ ಒಣಗಿ ಬಲ್ಬು ಮಂಕಾದರೆ ಗೂಟದ ಬುಡಕ್ಕೆ ಒಂದು ಚೊಂಬು ಉಪ್ಪುನೀರು. ಕೂಡ್ಲಿಗಿಯಿಂದ ಹಡಗಲಿಯವರೆಗೆ ಯಾವ ತೋಟಕ್ಕೆ ಹೋದರೂ ಈ ಉಪಚಾರ ಕಾಣುತ್ತಿತ್ತು. ತುಳಸಿಗೆ ನೀರು ಹಾಕಿದಷ್ಟೇ ಸಹಜವಾಗಿ ಗೂಟಕ್ಕೂ ಹಾಕುತ್ತಿದ್ದರು.

ಆ ವರ್ಷ ಬಲ್ಬು ತೀರಾ ಮಂಕಾಗಿತ್ತು. ದೊಡ್ಡಪ್ಪ, "ಏನವ್ವಾ, ಇಷ್ಟು ಓದೀಯಲ್ಲ, ಇದಕ್ಕೊಂದು ಮದ್ದು ಹೇಳು ನೋಡೋಣ" ಎಂದರು. ನಾನು ಹೇಳಿದೆ. ಹೇಳಿ ಸುಮ್ಮನಾಗದೆ ಮಾಡಿಯೇ ತೋರಿಸಿದೆ. ಒಣ ನೆಲಕ್ಕಿಂತ ನೀರು ಒಳ್ಳೆಯ ಅರ್ತ್ ಅಲ್ಲವೇ? ಬಾವಿ ತುಂಬ ನೀರಿದೆ, ನೀರಿನಲ್ಲಿ ಕಬ್ಬಿಣದ ಪೈಪಿದೆ. ಗೂಟದ ತಂತಿ ಬಿಚ್ಚಿ, ಉದ್ದ ಮಾಡಿ, ಮೆಟ್ಟಿಲಿಳಿದು, ಗೋಡೆಯ ಕಲ್ಲು ಹಿಡಿದು ಎದುರು ಬದಿಗೆ ಸರಿದು, ಪೈಪಿಗೆ ಸುತ್ತಿ ಬಿಗಿದು ಗಂಟು ಹಾಕಿದೆ. ಬಲ್ಬು ಝಗ್ಗೆಂದಿತು. ದೊಡ್ಡಪ್ಪ ಆಳುಮಗನನ್ನು ಕರೆದು, "ನೋಡಲೇ, ಓದು ಅಂದ್ರ ಇದು" ಎಂದರು. ಆ ರಾತ್ರಿ ನನ್ನ ತಟ್ಟೆಗೆ ಎರಡು ಹೋಳಿಗೆ ಹೆಚ್ಚು ಬಿದ್ದವು.

ಏಪ್ರಿಲ್ ಬಂತು, ಬಾವಿಯ ನೀರು ಇಳಿಯಿತು. ಕಬ್ಬಿಣದ ಪೈಪಿನ ತುದಿ ನೀರಿನಿಂದ ಮೊಳ ಮೇಲೆ ಉಳಿಯಿತು. ದೊಡ್ಡಪ್ಪ ಅದಕ್ಕೊಂದು ಕರಿ ಪ್ಲಾಸ್ಟಿಕ್ ಪೈಪಿನ ತುಂಡು ಜೋಡಿಸಿ ನೀರಿಗೆ ಬಿಟ್ಟರು. ಎಲ್ಲರೂ ಮಾಡುತ್ತಿದ್ದದ್ದೇ. ಆಗ ಬಲ್ಬು ಆರಿತು. ಸ್ವಿಚ್ಚು ಒತ್ತಿದರೂ ಹತ್ತಲಿಲ್ಲ. "ಬಲ್ಬು ಹೋತು, ಸಂತಿ ದಿನ ಹೊಸದು ತಂದರಾತು" ಎಂದರು. ಒತ್ತಿದ ಸ್ವಿಚ್ಚು ಆನ್ ಆಗಿಯೇ ಉಳಿಯಿತು. ಅದೇ ವಾರ ಮೋಟರೂ ಸುಟ್ಟಿತು. ಅದನ್ನು ಬಿಚ್ಚಿ ವೈಂಡಿಂಗ್ ಅಣ್ಣನ ಅಂಗಡಿಗೆ ಹೊತ್ತರು. ಪೈಪುಗಳು ಮಾತ್ರ ತೊಲೆಗೆ ಕಟ್ಟಿದ್ದ ಹಾಗೆಯೇ ಬಾವಿಯಲ್ಲಿ ನೇತಾಡುತ್ತಿದ್ದವು.

ಬಿ.ಎಸ್ಸಿ. ಓದಿದ ನನಗೆ ಆಗಲೇ ತಿಳಿಯಬೇಕಿತ್ತು. ಪ್ಲಾಸ್ಟಿಕ್ಕು ಕರೆಂಟನ್ನು ನೀರಿಗೆ ಇಳಿಯಗೊಡುವುದಿಲ್ಲ. ಮರದ ತೊಲೆಯೂ ಗೋಡೆಗೆ ಹೋಗಗೊಡುವುದಿಲ್ಲ. ಬಲ್ಬಿನ ಮೂಲಕ ಬಂದ ಕರೆಂಟು ಹೋಗಲು ದಾರಿಯಿಲ್ಲದೆ ಆ ಕಬ್ಬಿಣದಲ್ಲಿ ಕಾದು ಕೂತಿತ್ತು. ಬಲ್ಬು ಆರಿದ್ದು ಕರೆಂಟು ಇಲ್ಲ ಎಂಬುದರ ಗುರುತಲ್ಲ. ಆದರೆ ಆರಿದ ಬಲ್ಬನ್ನು ನೋಡಿ ಹೆದರುವವರು ಯಾರು?

ಆ ಹದಿನೈದು ದಿನ ತೋಟಗಳಿಗೆ ಕರೆಂಟು ಬರುತ್ತಿದ್ದದ್ದು ರಾತ್ರಿ ಪಾಳಿಯಲ್ಲಿ. ದೊಡ್ಡಪ್ಪ ಈಜುತ್ತಿದ್ದದ್ದು ಬೆಳಿಗ್ಗೆ. ಅವರ ಜೀವ ಅಷ್ಟು ದಿನ ಉಳಿದದ್ದು ಬರೀ ಈ ಹೊಂದಾಣಿಕೆಯಿಂದ.

ಅಣ್ಣ ಮೋಟರನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದದ್ದು ಒಂದು ಬೆಳಿಗ್ಗೆ, ಎಂಟರ ಸುಮಾರಿಗೆ. ದೊಡ್ಡಪ್ಪ ಬಾವಿಯಲ್ಲಿದ್ದರು. ಅಣ್ಣ ರೂಢಿಯಂತೆ ಬೋರ್ಡಿನ ಕಡೆ ಕೈ ಚಾಚಿದರು. ನಾನೇ ಹೇಳಿದೆ, "ಕರೆಂಟ್ ಇಲ್ಲಣ್ಣಾರ, ರಾತ್ರಿ ಪಾಳಿ." ಅವರ ಕೈ ಅರ್ಧಕ್ಕೆ ನಿಂತಿತು. ಪಾಳಿ ಅಂದಿನಿಂದಲೇ ಬದಲಾಗಿದ್ದು ನಮಗಿಬ್ಬರಿಗೂ ಗೊತ್ತಿರಲಿಲ್ಲ.

"ಬಲ್ಬು ಹೋಗೇತ್ರಿ" ಎಂದೆ. ಅವರು ಬಲ್ಬು ಬಿಚ್ಚಿ ಕಿವಿಯ ಹತ್ತಿರ ಅಲುಗಾಡಿಸಿದರು. ಬೆಳಕಿಗೆ ಹಿಡಿದು ನೋಡಿದರು. ಒಳಗಿನ ತಂತಿ ತುಂಡಾಗಿರಲಿಲ್ಲ. "ಇದು ಜೀವಂತ ಐತಲ್ಲ ತಂಗೀ" ಎಂದು ಮತ್ತೆ ಹೋಲ್ಡರಿಗೆ ತಿರುವಿ ಹಾಕಿದರು. ಹತ್ತಲಿಲ್ಲ. ಕಿಸೆಯಿಂದ ಟೆಸ್ಟರ್ ತೆಗೆದು ಬೋರ್ಡಿಗೆ ಮುಟ್ಟಿಸಿದರು. ಟೆಸ್ಟರಿನೊಳಗೆ ಸಣ್ಣ ಕೆಂಪು ದೀಪ ಮಿನುಗಿತು.

ಕರೆಂಟು ಇದೆ. ಬಲ್ಬು ಚೆನ್ನಾಗಿದೆ. ಆದರೂ ಹತ್ತುತ್ತಿಲ್ಲ.

ಅವರ ತುಟಿ ಎಣಿಸುವವರಂತೆ ಅಲ್ಲಾಡಿತು. ಕಣ್ಣು ಬಲ್ಬಿನ ಎರಡನೆಯ ತಂತಿ ಹಿಡಿದು ಹೊರಟಿತು. ಗೋಡೆಯ ಮೊಳೆ, ಬಾಗಿಲು, ಬಾವಿಯ ದಂಡೆ, ಕೆಳಗೆ, ನನ್ನ ಗಂಟು, ಕಬ್ಬಿಣದ ಪೈಪು, ಕರಿ ಪ್ಲಾಸ್ಟಿಕ್ಕು... ಅದರ ಪಕ್ಕಕ್ಕೆ ಮೂರನೆಯ ಸುತ್ತು ಮುಗಿಸಿ ತೇಲಿ ಬರುತ್ತಿದ್ದ ದೊಡ್ಡಪ್ಪ.

"ಯಜಮಾನ್ರ! ಪೈಪು ಮುಟ್ಟಬ್ಯಾಡ್ರಿ!"

ಅಂಥ ಕೂಗು ಆ ಸಣಕಲು ಎದೆಯಿಂದ ಬರುತ್ತದೆಂದು ನಾನು ಎಣಿಸಿರಲಿಲ್ಲ. ದೊಡ್ಡಪ್ಪ ಕೆಳಗಿಂದ ನಗುತ್ತ, "ಯಾಕಲೇ, ಮುಟ್ಟಿದ್ರ ಸವೀತೈತೇನು?" ಎಂದು ಕೈ ಮೇಲೆತ್ತಿ ಕಬ್ಬಿಣವನ್ನು ಹಿಡಿದರು.

ನಾನು ಬಲ್ಬಿನ ಎದುರಿಗೆ ನಿಂತಿದ್ದೆ. ಬಲ್ಬಿನೊಳಗಿನ ತಂತಿ ಕೆಂಪಾಯಿತು. ಉರಿಯಲಿಲ್ಲ, ಸುಮ್ಮನೆ ಕೆಂಪಾಯಿತು. ಒಲೆಯಲ್ಲಿ ಊದಿದ ಕಡ್ಡಿಯ ತುದಿಯಂತೆ. ನಮ್ಮ ದೊಡ್ಡಪ್ಪನ ಮೈಯೊಳಗಿಂದ ಹಾದು ಹೋಗುತ್ತಿದ್ದ ಕರೆಂಟನ್ನು ನಾನು ಕಣ್ಣಾರೆ ನೋಡಿದೆ. ಈಗಲೂ ನೋಡುತ್ತಿದ್ದೇನೆ...

ಅಣ್ಣ ಮೇನ್ ಸ್ವಿಚ್ಚಿನ ಹಿಡಿಕೆ ಕೆಳಗೆಳೆದರು. ಬಲ್ಬು ಕಪ್ಪಾಯಿತು. ಆದರೆ ಅವರು ತಕ್ಷಣ ಓಡಲಿಲ್ಲ. ಒಂದು, ಎರಡು, ಮೂರು ಎಂದು ಫ್ಯೂಜುಗಳನ್ನು ಕಿತ್ತು ಕಿಸೆಗೆ ಹಾಕಿ, ಆಮೇಲೆ ಓಡಿದರು. ಆ ಎರಡು ಕ್ಷಣಕ್ಕೆ ನಾನು ಅವರನ್ನು ಮನಸ್ಸಿನಲ್ಲೇ ಶಪಿಸಿದೆ. ಮುದುಕ ನೀರಿನಲ್ಲಿ ಮುಳುಗುತ್ತಿರುವಾಗ ಇವರಿಗೆ ಫ್ಯೂಜಿನ ಚಿಂತೆಯೇ ಎಂದು. ಮೆಟ್ಟಿಲ ಕೆಳಗೆ ಹೋದ ಮೇಲೆ, ಮೇಲಿದ್ದವರು ಯಾರಾದರೂ ಗಾಬರಿಯಲ್ಲಿ ಹಿಡಿಕೆ ಎತ್ತಿದ್ದರೆ ಏನಾಗುತ್ತಿತ್ತು ಎಂಬುದು ಹೊಳೆದದ್ದು ಮರುದಿನ.

ಆಳುಮಗ ನೀರಿಗೆ ಹಾರಿದ್ದ. ಅಣ್ಣನಿಗೆ ಈಜು ಬರುತ್ತಿರಲಿಲ್ಲ. ಸುತ್ತಲಿನ ಬಾವಿಗಳಲ್ಲೇ ಅರ್ಧ ಆಯಸ್ಸು ಕಳೆದ ಮನುಷ್ಯನಿಗೆ! ಕಡೆಯ ಮೆಟ್ಟಿಲಲ್ಲಿ ಎದೆಮಟ ನೀರಿಗೆ ಇಳಿದು ನಿಂತು ಇಬ್ಬರನ್ನೂ ಎಳೆದುಕೊಂಡರು. ನಾನು ಬಾಗಿಲ ಚೌಕಟ್ಟು ಹಿಡಿದವಳು ಹಿಡಿದೇ ಇದ್ದೆ. ನನ್ನ ಕಾಲು ಬರಲಿಲ್ಲ.

ದೊಡ್ಡಪ್ಪ ನೀರು ಕಾರಿದರು, ಕೆಮ್ಮಿದರು. ಮೆಟ್ಟಿಲ ಮೇಲೆ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಣ್ಣ ಎಣಿಸುತ್ತಿದ್ದರು. ಹತ್ತಿರ ಹೋದಾಗ ಕೇಳಿಸಿತು, "ಹತ್ತೊಂಬತ್ತು... ಇಪ್ಪತ್ತು... ಇಪ್ಪತ್ತೊಂದು..." ದೊಡ್ಡಪ್ಪನ ಎದೆ ಏರಿದಾಗಲೆಲ್ಲ ಒಂದೊಂದು. ಉಸಿರು ಎಣಿಸುತ್ತಿದ್ದರು.

ಅರ್ಧ ತಾಸಿನ ಮೇಲೆ ಹೊರಸಿನ ಮೇಲೆ ಎದ್ದು ಕೂತ ದೊಡ್ಡಪ್ಪ ಹೇಳಿದ ಮೊದಲ ಮಾತು: "ಕಾಲು ಸೆಳೀತು ನೋಡು." ಎರಡನೆಯ ಮಾತು: "ಮೋಟರ್ ಕೂಡಿಸಿದೇನಲೇ? ಗಿಡ ಬಾಡಾಕ ಹತ್ಯಾವ."

"ಕಾಲು ಸೆಳೀಲಿಲ್ರಿ ಯಜಮಾನ್ರ. ಕರೆಂಟ್ ಹಿಡೀತು."

"ಇಪ್ಪತ್ತು ವರ್ಷದಿಂದ ಹಿಡೀತೀನಿ ಆ ಪೈಪ. ನನ್ನ ಬಾವಿ ನನಗೇನು ಮಾಡ್ತೈತಲೇ?"

ಅಣ್ಣ ಜಗಳ ಆಡಲಿಲ್ಲ. ಒದ್ದೆ ಬಟ್ಟೆಯಲ್ಲೇ ಬೋರ್ಡಿನ ಮುಂದೆ ನಿಂತು ಒಂದೊಂದೇ ತೋರಿಸಿದರು. ತಂತಿಯ ಜೋಡುಗಳಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿತ್ತು. ಬಿಸಿಲಿಗೆ ಒಣಗಿ ಸೀಳಿತ್ತು. ಹಲಗೆಯ ಹಿಂದೆ ಗೋಡೆಯ ತೇವ. ಕಿಸೆಯಿಂದ ಒಂದು ಫ್ಯೂಜು ತೆಗೆದು ತಿರುಗಿಸಿದರು. ಕೂದಲಿನಂಥ ಫ್ಯೂಜ್ ತಂತಿ ಇರಬೇಕಾದಲ್ಲಿ ಬೇಲಿಯ ತಂತಿ ಬಿಗಿದಿತ್ತು. "ಇದು ಫ್ಯೂಜಲ್ರಿ, ಬೇಲಿ. ಮನುಷ್ಯಾ ಸುಟ್ಟರೂ ಇದು ಸುಡಂಗಿಲ್ಲ." ಆಮೇಲೆ ಹೇಳಿದರು: ಬಾವಿ ದಂಡೆಯ ಈ ಬೋರ್ಡು ಹತ್ತು ಮಾರು ಆಚೆಯ ಒಣ ಗೋಡೆಗೆ ಹೋಗಬೇಕು. ಆಳುದ್ದ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಸರಿಯಾದ ಅರ್ತ್ ಆಗಬೇಕು. ಮೋಟರು, ಪೈಪು, ಸ್ಟಾರ್ಟರಿನ ಪೆಟ್ಟಿಗೆ ಎಲ್ಲವೂ ಅದಕ್ಕೆ ಸೇರಬೇಕು. ಮತ್ತೆ ಆ ಬಲ್ಬು ಇರಕೂಡದು, ಲಾಟೀನು ಹಚ್ಚಿಕೊಳ್ಳಿ.

"ಆತು ಬಿಡಲೇ, ಮಳಿಗಾಲ ಬರಲಿ. ಈಗ ಫ್ಯೂಜು ಹಾಕು."

"ಫ್ಯೂಜು ನನ್ನ ಹತ್ರ ಇರ್ತಾವ್ರಿ" ಎಂದು ಅಣ್ಣ ಮೋಟರನ್ನು ಅಲ್ಲೇ ಇಳಿಸಿ ಗಾಡಿ ಹತ್ತಿದರು. ಕಿಸೆ ಕಟಕಟ ಎಂದಿತು.

ದೊಡ್ಡಪ್ಪನ ಸಿಟ್ಟು ಹೇಳತೀರದು. ನನ್ನ ಮೀಟರು, ನನ್ನ ಫ್ಯೂಜು, ಇವನ್ಯಾವ ದೊಣ್ಣೆನಾಯಕ ಎಂದು ಮನೆಯೆಲ್ಲ ತಿರುಗಿದರು. ಆಳುಮಗನನ್ನು ಹೊಸ ಫ್ಯೂಜು ತರಲು ಅಟ್ಟಿದರು. ಅವನು ಬರಿಗೈಯಲ್ಲಿ ಬಂದ. ಊರಿನಲ್ಲಿದ್ದದ್ದು ಒಂದೇ ಎಲೆಕ್ಟ್ರಿಕ್ ಅಂಗಡಿ. "ವೈಂಡಿಂಗ್ ಅಣ್ಣ ಹೇಳಿ ಹೋಗ್ಯಾನಂತ್ರಿ, ನಿಮ್ಮ ಬಾವಿಗೆ ಫ್ಯೂಜ್ ಕೊಡಬಾರದಂತ. ಕೊಟ್ರ ನಾಳೆಯಿಂದ ಅಣ್ಣ ಆ ಅಂಗಡ್ಯಾಗ ಸಾಮಾನು ತಗೊಳಂಗಿಲ್ಲಂತ." ಕೊಟ್ಟೂರಿಂದ ಬೇರೆ ಮೆಕ್ಯಾನಿಕ್ಕನನ್ನು ಕರೆಸುವುದಾಗಿ ದೊಡ್ಡಪ್ಪ ಗುಡುಗಿದರು.

ಅಂದು ಮಧ್ಯಾಹ್ನ ಊಟಕ್ಕೆ ಕೂತಾಗ ದೊಡ್ಡಪ್ಪ ರೊಟ್ಟಿ ಮುರಿಯಲಿಲ್ಲ. ಎಡಗೈಯಲ್ಲಿ ಮಜ್ಜಿಗೆಯ ಲೋಟ ಹಿಡಿದು ಕುಡಿದು ಎದ್ದರು. ದೊಡ್ಡಮ್ಮ ಅವರ ಬಲಗೈ ಹಿಡಿದೆಳೆದು ಬಿಡಿಸಿ ನೋಡಿದರು. ಅಂಗೈಯ ಅಡ್ಡಕ್ಕೆ ಬೆಳ್ಳನೆಯ ಗೆರೆ, ಅದರ ಅಂಚು ಸುಟ್ಟು ಕಂದಾಗಿತ್ತು. ಪೈಪಿನಷ್ಟೇ ದಪ್ಪದ ಗುರುತು. ದೊಡ್ಡಮ್ಮ ಎಂದೂ ಇಲ್ಲದಷ್ಟು ಮೆಲ್ಲಗೆ, "ಕಾಲು ಸೆಳೆದ್ರ ಕೈ ಸುಡತೈತೇನ್ರಿ?" ಎಂದರು. ಅವರು ಕೈ ಎಳೆದುಕೊಂಡು ಹೊರಗೆ ಹೋದರು. ನಾನು ಗೋಡೆ ನೋಡುತ್ತ ಕೂತೆ. ನಾನು ಹಾಕಿದ ಗಂಟಿನ ಮಾತನ್ನು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಎರಡು ದಿನ ಕಳೆದವು. ಮಲ್ಲಿಗೆಯ ಎಲೆ ಬಾಗಿತು, ಮೊಗ್ಗು ಬಲಿಯುವ ಮೊದಲೇ ಉದುರತೊಡಗಿತು. ಮದುವೆಯ ಕಾಲ, ಬಸ್ಸಿನ ಹತ್ತಿರ ಹೂವಿನವರು ಬುಟ್ಟಿ ಹಿಡಿದು ಕಾಯುತ್ತಿದ್ದರು. ದೊಡ್ಡಪ್ಪ ನಾಲ್ಕು ಜನ ಸೇರಿಸಿ ಮೋಟರನ್ನು ತೊಲೆಯ ಮೇಲೆ ಕೂರಿಸಿದರು. ಮೂರನೆಯ ದಿನ ಬೆಳಿಗ್ಗೆ ಮೂರು ತುಂಡು ತಂತಿ ಹಿಡಿದು ಬೋರ್ಡಿನ ಮುಂದೆ ನಿಂತರು. ಫ್ಯೂಜಿಲ್ಲದ ಜಾಗಕ್ಕೆ ನೇರ ತಂತಿ ಚುಚ್ಚಿ ಮೋಟರು ಓಡಿಸುವುದು ಅವರ ನಿರ್ಧಾರ. ಹೆಗಲ ಮೇಲೆ ಟವೆಲ್ಲೂ ಇತ್ತು. ನೀರು ಬಿಟ್ಟು, ಈಜಿ, ಪೈಪು ಹಿಡಿದು, ಊರಿಗೆಲ್ಲ ತೋರಿಸುವ ಹಟ.

ನಾನು ಬೋರ್ಡಿಗೆ ಅಡ್ಡ ನಿಂತೆ. ಅಂದು ಕಾಲು ನನ್ನ ಮಾತು ಕೇಳಿತು.

"ದೊಡ್ಡಪ್ಪಾ, ಆ ಗಂಟು ಹಾಕಿದಾಕಿ ನಾನು. ನೀವು ತಂತಿ ಚುಚ್ಚಿದ್ರ, ನಿಮಗಿಂತ ಮೊದ್ಲ ನಾನು ಇಳದು ಪೈಪು ಹಿಡೀತೀನಿ. ಚುಚ್ಚರಿ."

"ಹುಚ್ಚಿ, ಸರಿ ಆಕಡೆ."

ಸರಿದೆ, ಬಾವಿಯ ಕಡೆಗೆ. ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲು ಇಳಿಯತೊಡಗಿದೆ. ಒಂದು, ಎರಡು, ಮೂರು... ಏಳನೆಯ ಮೆಟ್ಟಿಲಿಗೆ ಮೇಲಿಂದ ದೊಡ್ಡಪ್ಪನ ದನಿ ಕೇಳಿತು. ಸಿಟ್ಟಿನ ದನಿಯಲ್ಲ. "ಬಾ ತಾಯಿ ಮ್ಯಾಲೆ..." ತಿರುಗಿ ನೋಡಿದೆ. ಅವರು ತಂತಿಗಳನ್ನು ಎಸೆದು, ತಮ್ಮ ಬಲ ಅಂಗೈಯನ್ನೇ ನೋಡುತ್ತ ದಂಡೆಯ ಮೇಲೆ ಕೂತಿದ್ದರು. "ಅವತ್ತು ಕೈ ಬಿಡಬೇಕಂದ್ರ ಬಿಡಾಕ ಬರಲಿಲ್ಲವ್ವಾ" ಎಂದರು. "ನನ್ನ ಕೈ ನನ್ನ ಮಾತು ಕೇಳಲಿಲ್ಲ."

ನಾನೇ ಅಣ್ಣನ ಅಂಗಡಿಗೆ ನಡೆದೆ. ಅವರು ತಂತಿ ಸುತ್ತುತ್ತಿದ್ದರು. "ಅಣ್ಣಾರ, ಗುಂಡಿ ತೋಡ್ತೀವ್ರಿ" ಎಂದೆ. "ಮೂವತ್ತಾರು" ಎಂದರು. ಕಾದೆ. ಎಪ್ಪತ್ತಕ್ಕೆ ನಿಲ್ಲಿಸಿ ತಂತಿಗೆ ಗಂಟು ಹಾಕಿ ತಲೆ ಎತ್ತಿದರು. ಆಗ ಹೇಳಿಬಿಟ್ಟೆ. ಪೈಪಿಗೆ ತಂತಿ ಕಟ್ಟಿದ್ದು ನಾನು, ಕರೆಂಟಿಲ್ಲ ಎಂದು ಹೇಳಿ ನಿಮ್ಮ ಕೈ ತಡೆದದ್ದೂ ನಾನು ಎಂದು. ಬೈಯುತ್ತಾರೆಂದು ಕಾದಿದ್ದೆ. ಬೈದಿದ್ದರೆ ಹಗುರಾಗುತ್ತಿತ್ತು.

ಅವರು ಸುತ್ತಿದ ತಂತಿಯನ್ನು ಪಕ್ಕಕ್ಕಿಟ್ಟು, "ಗಂಟು ನೀವು ಹಾಕಿದ್ರಿ. ಪ್ಲಾಸ್ಟಿಕ್ ಪೈಪು ಯಜಮಾನ್ರು ಹಾಕಿದ್ರು" ಎಂದರು. ಆಮೇಲೆ ಕೈ ಒರೆಸಿಕೊಳ್ಳುತ್ತ, "ಬಿಚ್ಚಿದ ಬಲ್ಬು ತಿರುಗಿ ಹಾಕಿದಾಂವ ನಾನು. ಅದು ನನ್ನ ಕೈಯಾಗ ಇದ್ದಷ್ಟು ಹೊತ್ತು ಆ ಪೈಪಿಗೆ ಕರೆಂಟ್ ಇರಲಿಲ್ಲ ತಂಗೀ" ಎಂದರು.

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಅವರು ಆ ಮೂರು ದಿನ ಮತ್ತೇನನ್ನೂ ಯೋಚಿಸಿರಲಿಲ್ಲ ಎಂದು ಅವರ ಕಣ್ಣು ನೋಡಿದಾಗ ತಿಳಿಯಿತು. ಫ್ಯೂಜು ಕಿಸೆಯಲ್ಲಿಟ್ಟುಕೊಂಡು ಇಡೀ ಊರನ್ನು ತಡೆದು ನಿಂತ ಹಟ ಎಲ್ಲಿಂದ ಬಂದಿತ್ತು ಎಂಬುದೂ.

ಗುಂಡಿ ತೋಡಲು ಒಂದು ಹಗಲು ಹಿಡಿಯಿತು. ಕಮ್ಮಾರರ ಕುಲುಮೆಯಿಂದ ಎಂಟು ಬುಟ್ಟಿ ಇದ್ದಿಲು ತಂದೆವು. ದೊಡ್ಡಮ್ಮ ಉಪ್ಪಿನ ಮೂಟೆ ಹೊರಿಸಿಕೊಂಡು ಬಂದು, "ಗಂಡನ ಜೀವ ಉಪ್ಪಿನಕಾಯಿ ಹಾಕಿದಂಗ ಆತು" ಎಂದರು. ಒಂದು ಪದರ ಇದ್ದಿಲು, ಒಂದು ಪದರ ಉಪ್ಪು, ನಡುವೆ ಕಬ್ಬಿಣದ ಕೊಳವೆ. ಅಣ್ಣ ಗುಂಡಿಯ ಅಂಚಿನಲ್ಲಿ ಕೂತು ಪ್ರತಿ ಪದರವನ್ನೂ ತುಳಿಸಿದರು. ದೊಡ್ಡಪ್ಪ ನೀರು ಹೊಯ್ದರು. ಆಗ ಎದ್ದದ್ದು ಆ ವಾಸನೆ. ಮರುದಿನ ಬೋರ್ಡು ಒಣ ಗೋಡೆಗೆ ಹೋಯಿತು. ಪೈಪಿನ ಗಂಟನ್ನು ಅಣ್ಣ ಮುಟ್ಟಲಿಲ್ಲ. "ಹಾಕಿದವರು ತೆಗೀರಿ" ಎಂದು ನನ್ನ ಕೈಗೆ ಇಕ್ಕಳ ಕೊಟ್ಟರು. ತೆಗೆದೆ. ಎಷ್ಟು ಬಿಗಿಯಾಗಿ ಹಾಕಿದ್ದೆ! ಬಲ್ಬನ್ನು ಅವರೇ ಬಿಚ್ಚಿದರು.

ಹೊಸ ಫ್ಯೂಜ್ ತಂತಿ ಕಟ್ಟಿದ ಮೂರು ಫ್ಯೂಜುಗಳು ಕಡೆಗೂ ಅವರ ಕಿಸೆಯಿಂದ ಹೊರಬಂದವು. ಮೋಟರು ಗುಂಯ್ ಎಂದಿತು, ಕಾಲುವೆಗೆ ನೀರು ಬಿತ್ತು. ಪೈಪಿಗೂ ಬಾವಿಯ ನೀರಿಗೂ ನಡುವೆ ಟೆಸ್ಟ್ ಬಲ್ಬು ಹಿಡಿದು ಎರಡೆರಡು ಸಲ ನೋಡಿದರು. ದೊಡ್ಡಪ್ಪ ಟವೆಲ್ಲಿಗೆ ಕೈ ಹಾಕಿದರು. "ತಡೀರಿ ಯಜಮಾನ್ರ, ಮೊದ್ಲು ನಾನು" ಎಂದು ಅಣ್ಣ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಅದರ ತುದಿಯನ್ನು ಆಳುಮಗನ ಕೈಗಿತ್ತು ನೀರಿಗಿಳಿದರು. ಈಜು ಬಾರದ ಮನುಷ್ಯ, ಗೋಡೆಯ ಕಲ್ಲು ಹಿಡಿದು ಹಿಡಿದು ಸರಿದು, ಕಬ್ಬಿಣದ ಪೈಪನ್ನು ಎರಡೂ ಕೈಯಿಂದ ತಬ್ಬಿದರು. ಅವರ ತುಟಿ ಅಲ್ಲಾಡುತ್ತಿತ್ತು. ನೂರಕ್ಕೆ ನಿಲ್ಲಿಸಿ, "ಬರ್ರಿ" ಎಂದರು.

ಎರಡನೆಯವಳಾಗಿ ನಾನು ಹೋದೆ. ಯಾರೂ ತಡೆಯಲಿಲ್ಲ. ಪೈಪು ಕೈಗೆ ಸಿಕ್ಕಿದ ಕೂಡಲೇ ಗಡಗಡ ನಡುಗಿತು. ಸತ್ತೆ ಎಂದುಕೊಂಡೆ. "ನೀರು ಏರಾಕತ್ತೈತಿ ತಂಗೀ, ಅಷ್ಟ" ಎಂದರು ಅಣ್ಣ. ಅದು ಮೋಟರಿನ ನಡುಕ.

ದೊಡ್ಡಪ್ಪ ಆಮೇಲೆ ಬಹಳ ವರ್ಷ ಬದುಕಿದರು, ಈಜಿದರು. ಅಣ್ಣನಿಗೆ ಬಾಯಿಬಿಟ್ಟು ಏನೂ ಹೇಳಲಿಲ್ಲ. ಆದರೆ ಅಂದಿನಿಂದ ನೀರಿಗಿಳಿಯುವ ಮೊದಲು ಬೋರ್ಡಿನ ಹತ್ತಿರ ಹೋಗಿ, ಮೂರು ಫ್ಯೂಜು ಕಿತ್ತು, ದಂಡೆಯ ಮೇಲೆ ಮಡಿಸಿಟ್ಟ ಟವೆಲ್ಲಿನ ನಡುವೆ ಇಟ್ಟುಕೊಳ್ಳುತ್ತಿದ್ದರು. ನೆಂಟರು ನಗುತ್ತಿದ್ದರು. ದೊಡ್ಡಮ್ಮ ಮಾತ್ರ ಆ ಪೈಪಿನ ಹಾಸ್ಯವನ್ನು ಮತ್ತೆ ಆಡಲಿಲ್ಲ.

ನಾನು ದಾವಣಗೆರೆಯಲ್ಲಿ ಟೀಚರಾದೆ. ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದೆ. ವಿದ್ಯುತ್ತಿನ ಪಾಠವನ್ನು ಪ್ರತಿ ಸಲವೂ ಆರಿದ ಒಂದು ಬಲ್ಬಿನಿಂದಲೇ ಶುರು ಮಾಡುತ್ತಿದ್ದೆ. ಇದನ್ನು ಅಣ್ಣನಿಗೆ ಹೇಳಬೇಕು, ನಿಮ್ಮಿಂದ ಕಲಿತದ್ದನ್ನು ಇಷ್ಟು ಮಕ್ಕಳಿಗೆ ಹೇಳಿದ್ದೇನೆ ಎನ್ನಬೇಕು ಎಂದು ಹಡಗಲಿಗೆ ಹೋದಾಗಲೆಲ್ಲ ಅಂದುಕೊಳ್ಳುತ್ತಿದ್ದೆ. ಬಸ್ಸಿನ ಹೊತ್ತಾಗುತ್ತಿತ್ತು... ಅಥವಾ ಅವರು ಎಣಿಸುತ್ತ ಕೂತಿರುತ್ತಿದ್ದರು. ಒಂದು ವರ್ಷ ದೊಡ್ಡಪ್ಪನಿಂದ ಕಾರ್ಡು ಬಂತು. ನಡುಗುವ ಅಕ್ಷರದಲ್ಲಿ ಮೂರೇ ಸಾಲು. ವೈಂಡಿಂಗಿನವನು ಜ್ವರದಲ್ಲಿ ಹೋದ. ಮಣ್ಣಿಗೆ ಹೋಗಿ ಬಂದೆ. ಇವತ್ತು ಈಜಲಿಲ್ಲ.

ಈಗ ದೊಡ್ಡಪ್ಪನೂ ಇಲ್ಲ. ಬಾವಿ ಒಣಗಿ, ತೋಟಕ್ಕೆ ಬೋರು ಬಂದಿದೆ. ಹೋದ ವರ್ಷ ನೋಡಿ ಬಂದೆ. ಅರ್ತ್ ಗುಂಡಿಯ ಕೊಳವೆ ಮಾತ್ರ ನೆಲದಿಂದ ಗೇಣುದ್ದ ಮೇಲೆ ಚಾಚಿ ನಿಂತಿತ್ತು, ಯಾವ ತಂತಿಯೂ ಇಲ್ಲದೆ.

ಆ ಸಂಜೆ ಇಸ್ತ್ರಿಯವರ ಹತ್ತಿರ ನಂದಿದ ಇದ್ದಿಲು ಕೇಳಿ ತರಕಾರಿ ಚೀಲಕ್ಕೆ ತುಂಬಿಸಿಕೊಂಡೆ. ನಮ್ಮ ಮನೆಯ ಮೂಲೆಯಲ್ಲೂ ಒಂದು ಅರ್ತ್ ಗುಂಡಿ ಇದೆ. ಈಗೆಲ್ಲ ಇದು ಬೇಕಿಲ್ಲ ಮೇಡಂ, ಅರ್ತಿಗೆಂದೇ ಪುಡಿ ಬಂದಿದೆ ಎನ್ನುತ್ತಾನೆ ವೈರಿಂಗಿನ ಹುಡುಗ. ಇರಬಹುದು. ಇದ್ದಿಲು ಸುರಿದು ಒಂದು ಕೊಡ ನೀರು ಹೊಯ್ದೆ. ವಾಸನೆ ಎದ್ದಿತು. ನೀರು ಇಂಗುವವರೆಗೆ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತೆ. ಸೊಸೆ ಬಾಗಿಲಿಗೆ ಬಂದು, "ಏನ್ ಮಾಡ್ತಿದ್ದೀರಿ ಅತ್ತೆ, ಊಟಕ್ಕೆ ಬರಲ್ವಾ?" ಎಂದಳು.

"ಇಪ್ಪತ್ತೊಂದು" ಎಂದೆ.